ಭಾನುವಾರದ ಸೈಕಲ್ ಸವಾರರು

ಬೆಳಗಾಗುತ್ತಲೇ ಸೈಕಲ್ಲು ಹತ್ತಿ ಇಪ್ಪತ್ತು ಮೈಲಿ ದೂರದ ಒಂದು ಹಳ್ಳಿಗೆ ಹೋಗಿ, ಅಲ್ಲಿ ಒಂದು ಬಟ್ಟಲು ಚಹಾ ಕುಡಿದು, ಸಂಜೆಗೆ ಮನೆ ಸೇರುವವನನ್ನು ಕಂಡಿದ್ದರೆ ನಮ್ಮ ಹಿರಿಯರು "ಅಲ್ಲಿ ನಿನಗೇನಪ್ಪಾ ಕೆಲಸವಿತ್ತು?" ಎಂದು ಕೇಳುತ್ತಿದ್ದರು. "ಏನೂ ಇರಲಿಲ್ಲ" ಎಂಬ ಉತ್ತರ ಬಂದರೆ ಅವನ ವಿಷಯದಲ್ಲಿ ಮನೆಮಂದಿಗೆ ಚಿಂತೆ ಹತ್ತುತ್ತಿತ್ತು. ನಮ್ಮ ಊರುಗಳಿಗೆ ಸೈಕಲ್ಲು ಹೆಚ್ಚಾಗಿ ಬಂದದ್ದು ಕೆಲಸಕ್ಕಾಗಿ. ಅಂಚೆಯವನು, ಹಾಲಿನವನು, ಶಾಲೆಯ ಮೇಷ್ಟ್ರು, ಊಟದ ಡಬ್ಬಿ ಕಟ್ಟಿಕೊಂಡು ಕಚೇರಿಗೆ ಹೊರಟ ಗುಮಾಸ್ತ, ಇವರ ವಾಹನ ಅದು. ಪುರಸಭೆಗೆ ಹಣ ಕಟ್ಟಿ ಬಿಲ್ಲೆ ಪಡೆದವರಿಗೆ, ರಾತ್ರಿ ದೀಪವಿಲ್ಲದೆ ಹೋಗಿ ಪೋಲೀಸಿನವನ ಕೈಗೆ ಸಿಕ್ಕು ದಂಡ ತೆತ್ತವರಿಗೆ, ಅದೇ ಸೈಕಲ್ಲಿನಲ್ಲಿ ಬರಿಯ ವಿನೋದವೂ ಉಂಟೆಂದರೆ ನಗು ಬಂದೀತು.

ಆದರೆ ಇಂಗ್ಲೆಂಡಿನಲ್ಲಿ ಸುಮಾರು ನೂರನಲವತ್ತು ವರ್ಷಗಳಿಗೂ ಹಿಂದೆ, ಯಾವ ಕೆಲಸವೂ ಇಲ್ಲದೆ ಬೇಸಿಗೆಯ ರಜಾದಿನಗಳಲ್ಲಿ ಊರಾಚೆಗೆ ಸೈಕಲ್ಲಿನಲ್ಲಿ ಹೋಗುವವರ ಒಂದು ದೊಡ್ಡ ಬಳಗವೇ ಹುಟ್ಟಿಕೊಂಡಿತು. ಹೋಗಿಬಂದು ಅವರು ಸುಮ್ಮನಿರಲಿಲ್ಲ. ಯಾವ ದಾರಿಯಲ್ಲಿ ಹೋದೆವು, ಎಲ್ಲಿ ಇಳಿಜಾರು ಕಡಿದಾಗಿತ್ತು, ಯಾವ ಮನೆಯಲ್ಲಿ ಊಟ ಚೆನ್ನಾಗಿತ್ತು ಎಂಬುದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು, ಪತ್ರಿಕೆಗಳಲ್ಲಿ ಬರೆದುಕೊಂಡರು. ಈ ಹರಟೆಯಿಂದಲೇ ಆ ದೇಶದ ರಸ್ತೆಗಳಿಗೆ ಎಚ್ಚರಿಕೆಯ ಫಲಕಗಳು ಬಂದವು, ಭೂಪಟಗಳು ತಿದ್ದಿಕೊಂಡವು. ರಸ್ತೆಯನ್ನು ಸರಿಪಡಿಸಿರೆಂದು ಸರ್ಕಾರವನ್ನು ಕೇಳುವ ದನಿಯೊಂದು ಎದ್ದಿತು. ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕೆಂದಿದ್ದೇನೆ.

ವಿಹಾರಕ್ಕೆ ಮೊದಲು ಬೇಕಾದದ್ದು ಬಿಡುವು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದುಡಿಯುವವನಿಗೆ ಅದು ಸುಲಭವಾಗಿ ದೊರೆತ ವಸ್ತುವಲ್ಲ. ೧೮೫೦ರ ಕಾರ್ಖಾನೆ ಕಾಯಿದೆ ಬಟ್ಟೆಯ ಗಿರಣಿಗಳಲ್ಲಿ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಯಕೂಡದೆಂದು ವಿಧಿಸಿತು. ಶನಿವಾರದ ಅರ್ಧ ದಿನದ ರಜೆ ಅಲ್ಲಿಂದ ಮುಂದೆ ಬೇರೆ ಬೇರೆ ಕಸುಬುಗಳಿಗೆ ನಿಧಾನವಾಗಿ ಹಬ್ಬಿತು. ೧೮೭೧ರಲ್ಲಿ ಬ್ಯಾಂಕುಗಳಿಗೆ ರಜಾದಿನಗಳನ್ನು ಗೊತ್ತುಮಾಡಿದ ಕಾಯಿದೆ ಬಂದಿತು. ಆಗಸ್ಟ್ ತಿಂಗಳ ಮೊದಲನೆಯ ಸೋಮವಾರ ಅವುಗಳಲ್ಲೊಂದು. ಹೀಗೆ ಬೇಸಿಗೆಯ ನಡುವೆ, ಹೊತ್ತು ಬಹಳ ಹೊತ್ತಿನವರೆಗೆ ಮುಳುಗದ ಕಾಲದಲ್ಲಿ, ಕೈಗೆ ಬಿಡುವು ಬಂದಿತು.

ಆಗಿನ ರಸ್ತೆಯ ಸ್ಥಿತಿಯೂ ವಿಚಿತ್ರವಾಗಿತ್ತು. ರೈಲು ಬಂದಮೇಲೆ ದೂರದ ಊರುಗಳ ನಡುವೆ ಓಡುತ್ತಿದ್ದ ಕುದುರೆಯ ಕೋಚುಗಳು ನಿಂತುಹೋಗಿದ್ದವು. ದಾರಿಬದಿಯಲ್ಲಿ ಪ್ರಯಾಣಿಕರಿಗೂ ಕುದುರೆಗಳಿಗೂ ಆಸರೆಯಾಗಿದ್ದ, ಅಲ್ಲಿಯವರು ಇನ್ ಎಂದು ಕರೆಯುವ ಹಳೆಯ ವಸತಿಗೃಹಗಳು ಬಿಕೋ ಎನ್ನುತ್ತಿದ್ದವು. ಹೆದ್ದಾರಿಗಳಲ್ಲಿ ಹುಲ್ಲು ಬೆಳೆಯುವ ಕಾಲ ಅದು. ಅಂಥ ಮೌನದೊಳಕ್ಕೆ ಎತ್ತರದ ಗಾಲಿಯ ಬೈಸಿಕಲ್ಲು ಉರುಳಿಕೊಂಡು ಬಂದಿತು. ಅದರ ಮುಂದಿನ ಗಾಲಿ ನಾಲ್ಕೂವರೆ ಐದು ಅಡಿ ಎತ್ತರ, ಹಿಂದಿನದು ಒಂದು ಪುಟ್ಟ ಗಾಲಿ. ಸವಾರ ಮುಂದಿನ ಗಾಲಿಯ ನೆತ್ತಿಯ ಮೇಲೆ ಕೂತಿರುತ್ತಿದ್ದ. ದಾರಿಯಲ್ಲಿ ಒಂದು ಕಲ್ಲು ತಡೆದರೆ ಸಾಕು, ತಲೆ ಮುಂದಾಗಿ ನೆಲಕ್ಕೆ ಬೀಳುತ್ತಿದ್ದ. ಇಳಿಜಾರಿನಲ್ಲಿ ನಂಬಬಹುದಾದ ಬ್ರೇಕೂ ಇರಲಿಲ್ಲ. ಆದ್ದರಿಂದ ಮುಂದಿನ ದಾರಿ ಹೇಗಿದೆಯೆಂದು ತಿಳಿದುಕೊಳ್ಳುವುದು ಇವರಿಗೆ ಪ್ರಾಣದ ಪ್ರಶ್ನೆಯಾಗಿತ್ತು.

೧೮೭೮ನೆಯ ಇಸವಿ ಆಗಸ್ಟ್ ೫ನೆಯ ತಾರೀಖು ಯಾರ್ಕ್‌ಷೈರ್ ಪ್ರಾಂತದ ಹ್ಯಾರೊಗೇಟ್ ಎಂಬ ಊರಿನಲ್ಲಿ ಸೈಕಲ್ ಸವಾರರ ಕೂಟವೊಂದು ನೆರೆದಿತ್ತು. ಅಂದು ಸೋಮವಾರ, ಬ್ಯಾಂಕು ರಜೆಯ ದಿನ. ಸ್ಟ್ಯಾನ್ಲಿ ಕಾಟರೆಲ್ ಎಂಬ ತರುಣನ ಪ್ರೇರಣೆಯಿಂದ ಅಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಸ್ಥಾಪನೆಯಾಯಿತು. ಮೂರು ಗಾಲಿಯ ಸವಾರರನ್ನೂ ಒಳಗೊಳ್ಳುವಂತೆ ೧೮೮೩ರಲ್ಲಿ ಅದಕ್ಕೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಿಟ್ಟರು. ಪಂದ್ಯಗಳಿಗೆ ಬೇರೆ ಸಂಘಗಳಿದ್ದವು. ಈ ಸಂಘ ಪ್ರವಾಸಕ್ಕೆಂದೇ ಹುಟ್ಟಿದ್ದು.

ಸಂಘದ ಏರ್ಪಾಡು ಸರಳವಾದದ್ದು. ಊರೂರಿನಲ್ಲಿ ಒಬ್ಬ ಪ್ರತಿನಿಧಿ. ಅವನಿಗೆ ಕಾನ್ಸಲ್ ಎಂಬ ದೊಡ್ಡ ಹೆಸರು. ತನ್ನ ಸುತ್ತಿನ ದಾರಿಗಳ ವಿಷಯವನ್ನು ಬಂದವರಿಗೆ ತಿಳಿಸುವುದು ಅವನ ಕೆಲಸ. ಸದಸ್ಯರಿಗೆ ಗೊತ್ತಾದ ದರದಲ್ಲಿ ಊಟ ವಸತಿ ಕೊಡಲೊಪ್ಪಿದ ಮನೆಗಳ ಪಟ್ಟಿಯನ್ನು ಸಂಘ ಕೈಪಿಡಿಯಲ್ಲಿ ಅಚ್ಚುಹಾಕಿಸಿತು. ಅಂಥ ಮನೆಗಳ ಗೋಡೆಗೆ ರೆಕ್ಕೆಯುಳ್ಳ ಗಾಲಿಗಳ ಗುರುತಿನ ಎರಕದ ಕಬ್ಬಿಣದ ಬಿಲ್ಲೆ ಹಾಕಿಸಿತು. ಇವಲ್ಲದೆ ಸಂಘಕ್ಕೆ ಗೆಜೆಟ್ ಎಂಬ ತನ್ನದೇ ಪತ್ರಿಕೆಯಿತ್ತು. ಸದಸ್ಯರು ತಾವು ಹೋಗಿಬಂದ ಪ್ರವಾಸಗಳನ್ನು ಅದರಲ್ಲಿ ಬರೆಯುತ್ತಿದ್ದರು. ಊರು ಸುತ್ತಿದವನ ಅನುಭವ ಅವನೊಬ್ಬನ ಸೊತ್ತಾಗಿ ಉಳಿಯದೆ ನಾಳೆ ಹೊರಡುವವನಿಗೆ ದಾರಿಯ ಬುತ್ತಿಯಾಯಿತು.

ಲಂಡನ್ನಿನಿಂದ ನೈಋತ್ಯಕ್ಕೆ ಪೋರ್ಟ್ಸ್‌ಮತ್ ಬಂದರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಇಪ್ಪತ್ತು ಮೈಲಿಗಳಾಚೆ, ರಿಪ್ಲಿ ಎಂಬ ಹಳ್ಳಿಯಿದೆ. ೧೮೮೦ರ ದಶಕದಲ್ಲಿ ಲಂಡನ್ನಿನ ಸವಾರರಿಗೆ ಇದೊಂದು ಯಾತ್ರಾಸ್ಥಳವಾಗಿಬಿಟ್ಟಿತು. ದಾರಿ ಒಳ್ಳೆಯದು, ದೂರವೂ ಒಂದು ದಿನದ ವಿಹಾರಕ್ಕೆ ಹದವಾದದ್ದು. ಅಲ್ಲಿನ ಆಂಕರ್ ಎಂಬ ವಸತಿಗೃಹವನ್ನು ನಡೆಸುತ್ತಿದ್ದ ಮನೆಯವರ ಹೆಸರು ಡಿಬಲ್. ಆ ಮನೆಯ ಹೆಣ್ಣುಮಕ್ಕಳಾದ ಆ್ಯನಿ ಮತ್ತು ಹ್ಯಾರಿಯೆಟ್ ಧೂಳು ಮೆತ್ತಿಕೊಂಡು ಬಂದ ಸವಾರರನ್ನು ಆದರದಿಂದ ಕಂಡು ಉಪಚರಿಸುತ್ತಿದ್ದರು. ಬಂದವರೆಲ್ಲ ಹೆಸರು ಬರೆಯಲು ಅಲ್ಲೊಂದು ಪುಸ್ತಕವಿತ್ತು. ಅದರಲ್ಲಿ ವರ್ಷ ವರ್ಷವೂ ಸಾವಿರಗಟ್ಟಲೆ ಹೆಸರುಗಳು ಸೇರಿದವು. ಆ್ಯನಿ ಡಿಬಲ್ ತೀರಿಕೊಂಡಾಗ ಆ ಸವಾರರೇ ಹಣ ಕೂಡಿಸಿ ಊರಿನ ಚರ್ಚಿನಲ್ಲಿ ಆಕೆಯ ನೆನಪಿಗೆ ಬಣ್ಣದ ಗಾಜಿನ ಕಿಟಕಿಯೊಂದನ್ನು ಮಾಡಿಸಿದರು. ಬಡಿಸಿದ ಕೈಯನ್ನು ಉಂಡವರು ಮರೆಯಲಿಲ್ಲ.

ಪ್ರವಾಸದ ಬರಹಗಳು ಪತ್ರಿಕೆಯ ಅಂಕಣಗಳನ್ನು ಮೀರಿ ಪುಸ್ತಕಗಳಾಗಿಯೂ ಬಂದವು. ಅಮೆರಿಕದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಎಲಿಜಬೆತ್ ರಾಬಿನ್ಸ್ ಪೆನೆಲ್ ಮತ್ತು ಆಕೆಯ ಪತಿ, ಚಿತ್ರಕಾರ ಜೋಸೆಫ್ ಪೆನೆಲ್, ೧೮೮೪ರ ಬೇಸಿಗೆಯಲ್ಲಿ ಇಬ್ಬರು ಕೂರುವ ಮೂರು ಗಾಲಿಯ ಸೈಕಲ್ಲಿನಲ್ಲಿ ಲಂಡನ್ನಿನಿಂದ ಕ್ಯಾಂಟರ್ಬರಿಗೆ ಹೋದರು. ಮಧ್ಯಯುಗದ ಯಾತ್ರಿಕರು ನಡೆದ ದಾರಿ ಅದು. ಹೆಂಡತಿ ಬರೆದು ಗಂಡ ಚಿತ್ರ ಬಿಡಿಸಿದ ಆ ಪ್ರವಾಸ ಕಥನ ಮರುವರ್ಷ, ಎಂದರೆ ೧೮೮೫ರಲ್ಲಿ, ಅಚ್ಚಾಯಿತು.

ಅದೇ ೧೮೮೫ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತನ್ನ ರೋವರ್ ಬೈಸಿಕಲ್ಲನ್ನು ಹೊರತಂದ. ಹೆಚ್ಚುಕಡಮೆ ಸಮನಾದ ಎರಡು ಗಾಲಿ, ಹಿಂದಿನ ಗಾಲಿಗೆ ಸರಪಳಿ. ನಾವಿಂದು ತುಳಿಯುವ ಸೈಕಲ್ಲಿನ ಅಜ್ಜ ಅದು. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ರಬ್ಬರಿನ ಟೈರಿಗೆ ಹಕ್ಕುಪತ್ರ ಪಡೆದ. ಬೀಳುವ ಭಯ ಕಡಿಮೆಯಾಯಿತು, ಮೈ ನುಗ್ಗಾಗುವುದು ತಪ್ಪಿತು. ಕೆಲವು ವರ್ಷಗಳಲ್ಲಿ ಬೆಲೆಯೂ ಇಳಿದು, ಒಬ್ಬರು ಬಳಸಿ ಬಿಟ್ಟದ್ದನ್ನಾದರೂ ಗುಮಾಸ್ತನೂ ಅಂಗಡಿಯ ನೌಕರನೂ ಕೊಳ್ಳುವಂತಾಯಿತು. ಎಚ್. ಜಿ. ವೆಲ್ಸ್ ೧೮೯೬ರಲ್ಲಿ ಬರೆದ 'ದಿ ವೀಲ್ಸ್ ಆಫ್ ಚಾನ್ಸ್' ಎಂಬ ಕಾದಂಬರಿಯ ನಾಯಕ ಇಂಥವನೇ. ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತು ಬಟ್ಟೆ ತೋರಿಸುವ ಬಡ ನೌಕರ ತನ್ನ ವರ್ಷದ ರಜೆಯಲ್ಲಿ ಹಳೆಯ ಸೈಕಲ್ಲೊಂದನ್ನು ಹತ್ತಿ ಇದೇ ರಿಪ್ಲಿಯ ದಾರಿ ಹಿಡಿಯುತ್ತಾನೆ. ಎಳೆಯ ವಯಸ್ಸಿನಲ್ಲಿ ವೆಲ್ಸ್ ತಾನೂ ಜವಳಿ ಅಂಗಡಿಯಲ್ಲಿ ದುಡಿದವನು. ಅಂಥವನಿಗೆ ಹತ್ತು ದಿನದ ರಸ್ತೆ ಎಂದರೆ ಏನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸವಾರರು ಹೆಚ್ಚಿದಂತೆ ಅವರು ತಂದ ಸುದ್ದಿಯೂ ಹೆಚ್ಚಿತು. ಅಪಾಯದ ಇಳಿಜಾರುಗಳ ನೆತ್ತಿಯಲ್ಲಿ ಸಂಘಗಳು ತಮ್ಮ ಖರ್ಚಿನಿಂದಲೇ ಎಚ್ಚರಿಕೆಯ ಫಲಕಗಳನ್ನು ನೆಡಿಸಿದವು. ಇಂದಿನ ರಸ್ತೆ ಫಲಕಗಳ ಪೂರ್ವಿಕರಲ್ಲಿ ಇವೂ ಸೇರುತ್ತವೆ. ಹ್ಯಾರಿ ಇಂಗ್ಲಿಸ್ ಎಂಬಾತ ೧೮೯೬ರಿಂದ ಮುಂದೆ ಪ್ರಕಟಿಸಿದ ರಸ್ತೆಯ ಪುಸ್ತಕಗಳಲ್ಲಿ ಪ್ರತಿಯೊಂದು ದಾರಿಯ ಏರು ಇಳಿವುಗಳನ್ನು ಗೆರೆಯೆಳೆದು ತೋರಿಸಿದ. ಎಡಿನ್‌ಬರೋದ ಬಾರ್ತಲೋಮ್ಯು ಕಂಪೆನಿ ಮೈಲಿಗೆ ಅರ್ಧ ಅಂಗುಲದ ಅಳತೆಯಲ್ಲಿ ಅಚ್ಚುಹಾಕಿದ ಭೂಪಟಗಳಿಗೆ ಟೂರಿಂಗ್ ಕ್ಲಬ್ಬಿನ ಸದಸ್ಯರು ತಿದ್ದುಪಡಿಗಳನ್ನು ಒದಗಿಸಿದರು. ಒಳ್ಳೆಯ ರಸ್ತೆಗೆ ಒಂದು ಬಗೆ, ಸಾಧಾರಣ ರಸ್ತೆಗೆ ಇನ್ನೊಂದು ಬಗೆ ಎಂದು ಬಣ್ಣ ಹಚ್ಚಿ, ಬಣ್ಣವಿಲ್ಲದ ದಾರಿ ಸೈಕಲ್ ಸವಾರರಿಗೆ ತಕ್ಕದ್ದಲ್ಲವೆಂದು ಆ ಪಟಗಳಲ್ಲಿ ಸೂಚಿಸಿರುತ್ತಿತ್ತು. ಭಾನುವಾರ ಸಂಜೆ ದಣಿದು ಬಂದವನು ದೀಪದ ಮುಂದೆ ಕೂತು ಬರೆದ ಒಂದು ಸಾಲು ಹೀಗೆ ಒಂದು ದೇಶದ ಭೂಪಟಕ್ಕೆ ಸೇರಿತು.

ರಸ್ತೆ ಎಲ್ಲರದೂ ಎಂದು ಹೇಳುವುದು ಸುಲಭ. ಆದರೆ ಹೆಂಗಸರಿಗೆ ಅದು ಅಷ್ಟು ಸುಲಭವಾಗಿ ದಕ್ಕಲಿಲ್ಲ. ಟೂರಿಂಗ್ ಕ್ಲಬ್ಬು ೧೮೮೦ರಲ್ಲೇ ಹೆಂಗಸರನ್ನು ಸೇರಿಸಿಕೊಂಡಿತ್ತು. ಆದರೆ ನೆಲ ಗುಡಿಸುವ ಉದ್ದ ಲಂಗವನ್ನುಟ್ಟು ಸೈಕಲ್ಲು ತುಳಿಯುವುದು ಹೇಗೆ? ಹಾರ್ಬರ್ಟನ್ ಮನೆತನದ ಶ್ರೀಮಂತ ಮಹಿಳೆ ಲೇಡಿ ಹಾರ್ಬರ್ಟನ್ ಹೆಂಗಸರ ಉಡುಪಿನ ಸುಧಾರಣೆಗಾಗಿ ೧೮೮೧ರಿಂದಲೇ ದುಡಿಯುತ್ತಿದ್ದವರು. ೧೮೯೮ರ ಅಕ್ಟೋಬರಿನಲ್ಲಿ ಅವರು ಅಗಲವಾದ ಇಜಾರದಂಥ ಉಡುಪು ತೊಟ್ಟು ಸೈಕಲ್ಲಿನಲ್ಲಿ ಸರ‍್ರೆ ಪ್ರಾಂತದ ಆಕಮ್ ಎಂಬಲ್ಲಿ ಹೋಟ್‌ಬಾಯ್ ಹೋಟೆಲಿಗೆ ಹೋಗಿ ಊಟ ಕೇಳಿದರು. ಈ ವೇಷದಲ್ಲಿ ಕಾಫಿ ಕೋಣೆಗೆ ಬಿಡಲಾಗದು, ಬೇಕಾದರೆ ಮದ್ಯದ ಅಂಗಣದ ಬದಿಯ ಕೋಣೆಯಲ್ಲಿ ಕೂತು ಊಟಮಾಡಬಹುದು ಎಂದು ಹೋಟೆಲಿನ ಒಡತಿ ಹೇಳಿದಳು. ಅವರು ಅಲ್ಲಿ ಕೂರಲೊಪ್ಪದೆ ಹೊರಟುಬಂದರು. ಆ ಹೋಟೆಲು ಸಂಘದ ಪಟ್ಟಿಯಲ್ಲಿದ್ದ ಹೋಟೆಲು. ಸಂಘ ನ್ಯಾಯಾಲಯಕ್ಕೆ ಹೋಯಿತು. ೧೮೯೯ರಲ್ಲಿ ವಿಚಾರಣೆ ನಡೆದು ಪಂಚರು ಒಡತಿಯ ಕಡೆಗೇ ತೀರ್ಪಿತ್ತರು. ಊಟ ಕೊಡಲು ಆಕೆ ಸಿದ್ಧಳಿದ್ದಳಲ್ಲ ಎಂಬುದು ವಾದ. ಸಂಘ ಸೋತಿತು. ಆದರೆ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿ, ದಾರಿಯಲ್ಲಿ ಬಂದ ಹೆಂಗಸು ಎಲ್ಲಿ ಕೂರಬೇಕೆಂಬುದನ್ನು ಇತರರು ಗೊತ್ತುಮಾಡಬಹುದೇ ಎಂಬ ಪ್ರಶ್ನೆ ಮನೆಮನೆಯಲ್ಲಿ ಚರ್ಚೆಗೆ ಬಂದಿತು.

ಕೂಲಿಕಾರರ ಬಡಾವಣೆಗಳಿಂದ ಬಂದ ಸವಾರರ ಬಳಗ ಇನ್ನೊಂದು. ಮ್ಯಾಂಚೆಸ್ಟರಿನಲ್ಲಿ ರಾಬರ್ಟ್ ಬ್ಲಾಚ್‌ಫರ್ಡ್ ೧೮೯೧ರಲ್ಲಿ 'ಕ್ಲಾರಿಯನ್' ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಆರಂಭಿಸಿದ. ಅದರ ಓದುಗರಾದ ಆರು ಜನ ೧೮೯೪ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕೂಡಿ ಅದೇ ಹೆಸರಿನ ಸೈಕಲ್ ಸಂಘ ಕಟ್ಟಿದರು. ವಾರವೆಲ್ಲ ಹೊಗೆಯಲ್ಲಿ ದುಡಿದವರು ವಾರದ ಕೊನೆಗೆ ಹಸುರು ಕಾಣಲು ಹೊರಡುವರು. ಚೀಲದಲ್ಲಿ ಬುತ್ತಿಯ ಜೊತೆಗೆ ಹಂಚಲು ಪತ್ರಿಕೆಗಳೂ ಕರಪತ್ರಗಳೂ ಇರುತ್ತಿದ್ದವು. ದಾರಿಯಲ್ಲಿ ಇಬ್ಬರು ಸಂಧಿಸಿದರೆ ಒಬ್ಬ "ಬೂಟ್ಸ್!" ಎಂದು ಕೂಗಬೇಕು, ಇನ್ನೊಬ್ಬ "ಸ್ಪರ‍್ಸ್!" ಎಂದು ಮಾರುತ್ತರ ಕೊಡಬೇಕು. ಮುಂದೆ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಹೆಸರಾದ ಕ್ರಿಸ್ಟಬೆಲ್ ಮತ್ತು ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಸೋದರಿಯರು ಎಳೆಯ ವಯಸ್ಸಿನಲ್ಲಿ ಈ ಸಂಘದವರೊಡನೆ ಸವಾರಿ ಮಾಡಿದವರು. ೧೯೩೦ರ ದಶಕದ ನಡುವೆ ಈ ಬಳಗ ಎಂಟು ಸಾವಿರ ಸದಸ್ಯರಿಗೂ ಮೇಲೆ ಬೆಳೆದಿತ್ತು.

ಈಗ ರಸ್ತೆಯ ಮಾತಿಗೆ ಬರೋಣ. ಬರೀ ದೂರುವುದರಿಂದ ಹಳ್ಳ ತುಂಬುವುದಿಲ್ಲವೆಂದು ಕಂಡುಕೊಂಡ ಸೈಕಲ್ ಸಂಘಗಳು ೧೮೮೬ರಲ್ಲಿ ರಸ್ತೆ ಸುಧಾರಣಾ ಸಂಘವೊಂದನ್ನು ಸ್ಥಾಪಿಸಿದವು. ರಸ್ತೆಗೆ ಕಲ್ಲು ಹಾಕುವುದು ಹೇಗೆ, ನೀರು ಹರಿದುಹೋಗುವಂತೆ ಮಾಡುವುದು ಹೇಗೆ ಎಂಬುದನ್ನು ಅದು ಕರಪತ್ರಗಳ ಮೂಲಕ ರಸ್ತೆಯ ಅಧಿಕಾರಿಗಳಿಗೆ ತಿಳಿಸತೊಡಗಿತು. ಟೂರಿಂಗ್ ಕ್ಲಬ್ಬಿನ ಸದಸ್ಯನಾಗಿ ಬೆಳೆದ ವಿಲಿಯಂ ರೀಸ್ ಜೆಫ್ರಿಸ್ ೧೯೦೧ರಲ್ಲಿ ಈ ಸಂಘದ ಕಾರ್ಯದರ್ಶಿಯಾದ. ೧೯೦೯ರ ಕಾಯಿದೆಯಂತೆ ರಸ್ತೆಗಳಿಗೆಂದೇ ಒಂದು ಕೇಂದ್ರ ಮಂಡಳಿ ಏರ್ಪಟ್ಟಾಗ ೧೯೧೦ರಲ್ಲಿ ಅದರ ಕಾರ್ಯದರ್ಶಿಯಾದವನೂ ಅವನೇ. ಸೈಕಲ್ಲಿನ ಮೇಲೆ ಕೂತು ಹಳ್ಳ ದಿಣ್ಣೆಗಳನ್ನು ಎಣಿಸಿದವನು ಕೊನೆಗೆ ದೇಶದ ರಸ್ತೆಗಳಿಗೆ ಹಣ ಹಂಚುವ ಕಚೇರಿಯಲ್ಲಿ ಕೂತ.

ಆದರೆ ಹುತ್ತ ಕಟ್ಟಿದ್ದು ಗೆದ್ದಲು, ಸೇರಿಕೊಂಡದ್ದು ಹಾವು ಎಂಬಂತಾಯಿತು. ೧೮೯೬ರ ಕಾಯಿದೆಯಿಂದ ಮೋಟಾರು ಗಾಡಿಗಳಿಗೆ ರಸ್ತೆ ತೆರೆಯಿತು. ೧೮೯೯ರಲ್ಲಿ ಟೂರಿಂಗ್ ಕ್ಲಬ್ಬಿನ ಸದಸ್ಯರ ಸಂಖ್ಯೆ ೬೦,೪೪೯. ಆಮೇಲೆ ಶ್ರೀಮಂತರು ಸೈಕಲ್ಲು ಬಿಟ್ಟು ಮೋಟಾರು ಹತ್ತಿದರು, ಸಂಘ ಕರಗತೊಡಗಿತು. ಮೋಟಾರಿನವರನ್ನೂ ಸದಸ್ಯರಾಗಿ ಸೇರಿಸಿಕೊಳ್ಳೋಣವೆಂದು ಸಂಘದ ಮುಖಂಡರೇ ಯತ್ನಿಸಿದರು. ಅದಕ್ಕೆ ನಿಯಮ ಬದಲಾಯಿಸಲು ನ್ಯಾಯಾಲಯದ ಒಪ್ಪಿಗೆ ಬೇಕು. ಸೈಕಲ್ಲಿನವರನ್ನು ಮೋಟಾರಿನವರಿಂದ ರಕ್ಷಿಸುವುದೇ ಸಂಘದ ಕೆಲಸಗಳಲ್ಲೊಂದಾಗಿರುವಾಗ ಇಬ್ಬರನ್ನೂ ಒಂದೇ ಸೂರಿನಡಿ ತರುವುದು ಹೇಗೆಂದು ನ್ಯಾಯಾಧೀಶರು ೧೯೦೭ರಲ್ಲಿ ಒಪ್ಪಿಗೆ ನಿರಾಕರಿಸಿದರು. ಸಂಘವನ್ನು ಉಳಿಸಿದ್ದು ಈ ನಿರಾಕರಣೆಯೇ ಎಂದರೂ ತಪ್ಪಾಗದು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ೧೯೩೪ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಎಂಬ ಹೊಸ ಹೆದ್ದಾರಿಯ ಪಕ್ಕದಲ್ಲಿ ಸೈಕಲ್ಲುಗಳಿಗೆಂದೇ ಎರಡೂವರೆ ಮೈಲಿಯ ಪ್ರತ್ಯೇಕ ದಾರಿ ತೆರೆದರು. ಇದನ್ನು ಸಂಘ ಸ್ವಾಗತಿಸಬೇಕಾಗಿತ್ತು ಎಂದು ತೋರಬಹುದು, ಆದರೆ ವಿರೋಧಿಸಿತು. ಇಂದು ಪಕ್ಕದ ಓಣಿ ತೋರಿಸುವವರು ನಾಳೆ ಹೆದ್ದಾರಿಯ ಬಾಗಿಲು ಮುಚ್ಚಿಯಾರು ಎಂಬ ಅಂಜಿಕೆ ಅವರದು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಪ್ರತ್ಯೇಕ ದಾರಿಯಿಂದ ಎಷ್ಟೋ ಜೀವ ಉಳಿಯಬಹುದೆಂದು ಹಾಲೆಂಡ್ ಮುಂದೆ ತೋರಿಸಿಕೊಟ್ಟಿತು. ಆದರೆ ತಾವೇ ಅಳೆದು, ಬರೆದು, ಬೇಡಿ ಸರಿಪಡಿಸಿಕೊಂಡ ರಸ್ತೆಯಿಂದ ತಮ್ಮನ್ನೇ ಬದಿಗೆ ಸರಿಸುವಾಗ ಅವರಿಗೆ ನೋವಾದದ್ದು ಸಹಜ.

ಹೆದ್ದಾರಿಯ ಗದ್ದಲದಿಂದ ಬೇಸತ್ತ ಕೆಲವರು ಹಳೆಯ ಕಾಲುದಾರಿಗಳ ಕಡೆಗೆ ತಿರುಗಿದರು. ಡಬ್ಲ್ಯು. ಎಂ. ರಾಬಿನ್‌ಸನ್ ಎಂಬಾತ 'ವೇಫೇರರ್', ಎಂದರೆ ದಾರಿಹೋಕ, ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಈತ ೧೯೧೯ರಲ್ಲಿ ವೇಲ್ಸ್ ನಾಡಿನ ಬರ್ವಿನ್ ಬೆಟ್ಟಗಳನ್ನು ಹಿಮದಲ್ಲಿ ಸೈಕಲ್ಲಿನೊಡನೆ ದಾಟಿದ ಕಥೆಯನ್ನು 'ಸೈಕ್ಲಿಂಗ್' ಪತ್ರಿಕೆಯಲ್ಲಿ ಬರೆದ. ತುಳಿದದ್ದಕ್ಕಿಂತ ತಳ್ಳಿಕೊಂಡು ನಡೆದದ್ದೇ ಹೆಚ್ಚಿರಬೇಕು. ಆದರೂ ಅದನ್ನೋದಿ ಎಷ್ಟೋ ಮಂದಿ ಬೆಟ್ಟದ ದಾರಿ ಹಿಡಿದರು. ೧೯೫೫ರಲ್ಲಿ ಇಂಥವರು ಲೆಮ್‌ಸ್ಟರ್ ಊರಿನಲ್ಲಿ ಸೇರಿ ರಫ್ ಸ್ಟಫ್ ಫೆಲೋಷಿಪ್ ಎಂಬ ಸಂಘ ಕಟ್ಟಿದರು. ಮರುವರ್ಷ ರಾಬಿನ್‌ಸನ್ ತೀರಿಕೊಂಡ. ಅವನು ದಾಟಿದ ಕಣಿವೆಯ ನೆತ್ತಿಯಲ್ಲಿ ಅವರು ಅವನ ನೆನಪಿಗೆ ಒಂದು ಫಲಕ ನೆಟ್ಟರು. ಅದರ ಬಳಿ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒಂದು ಪುಸ್ತಕ. ಗಾಳಿಮಳೆಯಲ್ಲಿ ಏದುಸಿರು ಬಿಡುತ್ತ ಬಂದವರು ಅಲ್ಲಿ ನಿಂತು ತಮ್ಮ ಹೆಸರು ಬರೆದು ಇಳಿದುಹೋಗುತ್ತಾರೆ.

ರಿಪ್ಲಿಯ ಊಟದ ಮನೆಯ ಪುಸ್ತಕಕ್ಕೂ ಬರ್ವಿನ್ ಬೆಟ್ಟದ ಪೆಟ್ಟಿಗೆಯ ಪುಸ್ತಕಕ್ಕೂ ನಡುವೆ ಬಹಳ ವರ್ಷಗಳ ಅಂತರವಿದೆ. ಹ್ಯಾರೊಗೇಟಿನಲ್ಲಿ ಹುಟ್ಟಿದ ಸಂಘ ೨೦೧೬ರಿಂದ ಸೈಕ್ಲಿಂಗ್ ಯುಕೆ ಎಂಬ ಹೆಸರಿನಲ್ಲಿ ಕೆಲಸಮಾಡುತ್ತಿದೆ. ಇಷ್ಟು ಕಾಲವೂ ಆ ಸವಾರರು ಮಾಡಿದ್ದು ಮೂಲದಲ್ಲಿ ಒಂದೇ ಕೆಲಸ: ಕಂಡದ್ದನ್ನು ಹಿಂದೆ ಬರುವವನಿಗೆ ಹೇಳಿದ್ದು. ನಾವೂ ಒಂದು ಭಾನುವಾರ ಸೈಕಲ್ಲನ್ನು ಒರೆಸಿ ಊರಾಚೆಗೆ ಹೋಗಿಬಂದರೆ ಕೆಲಸವಿಲ್ಲದವರೆಂದು ಯಾರಾದರೂ ನಕ್ಕಾರು. ನಗಲಿ. ಸೇತುವೆಯ ಕಲ್ಲು ಎಲ್ಲಿ ಸಡಿಲವಾಗಿದೆ, ಯಾವ ಸಾಲುಮರಗಳನ್ನು ಕಡಿದಿದ್ದಾರೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ ಎಂಬುದನ್ನು ಬಂದು ನಾಲ್ಕು ಜನಕ್ಕೆ ಹೇಳಿದರೆ ಆ ದಿನ ವ್ಯರ್ಥವಾಗುವುದಿಲ್ಲ.